ಆರ್‌ಸಿಬಿ ಮ್ಯಾಚ್ ಬೆಂಗಳೂರು ಬಿಟ್ಟರೆ ತೆರಿಗೆ ಎಲ್ಲಿಗೆ ಹೋಗುತ್ತೆ?

ನಮ್ಮ ಕಾಮಗೆರೆಯ ಹುಡುಗನೊಬ್ಬ ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಮ್ಯಾಚ್ ನೋಡೋಕೆ ಕೊಳ್ಳೇಗಾಲದಲ್ಲಿ ಬೆಂಗಳೂರು ಬಸ್ ಹತ್ತಿದ ಅಂದ್ಕೊಳ್ಳಿ. ಟಿಕೆಟ್‌ನ ಮೂಲ ಬೆಲೆ 1000 ರೂಪಾಯಿ. ಐಪಿಎಲ್ ಟಿಕೆಟ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರ ಬದಲು ಶೇ 40 ಆಗಿದೆ. ಅಂದ್ರೆ ಅವನು ಕೊಡೋದು 1400. ತೆರಿಗೆಯ 400ರಲ್ಲಿ 200 ಕೇಂದ್ರಕ್ಕೆ, 200 ಕರ್ನಾಟಕಕ್ಕೆ.

ಈ ರಾಜ್ಯದ ಪಾಲು ತಂಡದ ಹೆಸರನ್ನೂ ನೋಡಲ್ಲ, ಪ್ರೇಕ್ಷಕನ ಊರನ್ನೂ ನೋಡಲ್ಲ. ಆಟ ಯಾವ ರಾಜ್ಯದಲ್ಲಿ ನಡೆಯುತ್ತೋ ಅಲ್ಲಿಗೆ ಸೇರುತ್ತೆ. 2025ರ ಜೂನ್ 4ರಂದು ಆರ್‌ಸಿಬಿ ಗೆಲುವಿನ ಸಂಭ್ರಮದ ಕಾಲ್ತುಳಿತದಲ್ಲಿ 11 ಜನ ತೀರಿಕೊಂಡರು. ಆಮೇಲೆ ಬೆಂಗಳೂರಿನ ಕೆಲವು ಮಹಿಳಾ ವಿಶ್ವಕಪ್ ಪಂದ್ಯಗಳು ನವಿ ಮುಂಬೈಗೆ ಹೋದವು. ಆರ್‌ಸಿಬಿ ಪಂದ್ಯಗಳೂ ಹಾಗೇ ಹೋದರೆ ಆ 200 ಮಹಾರಾಷ್ಟ್ರದ್ದು. ಮೈಸೂರಿಗೆ ಹೋದರೆ ಕರ್ನಾಟಕದಲ್ಲೇ ಉಳಿಯುತ್ತೆ.

ಹಾಗಾದ್ರೆ ನಷ್ಟ ಪೂರ್ತಿ 200 ರೂಪಾಯಿನಾ? ಅಲ್ಲ. ಮ್ಯಾಚ್ ಇಲ್ಲ ಅಂತ ನಮ್ಮ ಹುಡುಗ ಅದೇ 1400ಕ್ಕೆ ಕೊಳ್ಳೇಗಾಲದಲ್ಲಿ ಶೂ ತಗೊಂಡ ಅನ್ನಿ. ಅದಕ್ಕೆ ಜಿಎಸ್‌ಟಿ ಶೇ 5. ರಾಜ್ಯದ ಪಾಲು ಸುಮಾರು 33 ರೂಪಾಯಿ. ಖಜಾನೆಗೆ ಖೋತಾ 167. ಆದರೆ ಕೊಳ್ಳೇಗಾಲದ ಅಂಗಡಿಗೆ 1333 ರೂಪಾಯಿ ವ್ಯಾಪಾರ ಆಯ್ತಲ್ಲ!

ತಂಡ ಹೋದರೆ ಇಷ್ಟು ಕೋಟಿ ಹೋಯ್ತು ಅಂತ ಯಾರಾದ್ರೂ ಹೇಳಿದರೆ, ಆ ದುಡ್ಡು ಆಮೇಲೆ ಎಲ್ಲಿ ಖರ್ಚಾಗುತ್ತೆ ಅಂತಲೂ ಕೇಳಿ. ಪಂದ್ಯ ಉಳಿಸಿಕೊಳ್ಳೋಕೆ ಸರ್ಕಾರ ಎಷ್ಟು ಖರ್ಚು ಮಾಡಬಹುದು ಅನ್ನೋದನ್ನ 167ರ ಲೆಕ್ಕದಲ್ಲಿ ನೋಡಬೇಕು, 200ರ ಲೆಕ್ಕದಲ್ಲಲ್ಲ.