ಧ್ರುವದ ಮಂಜುಗಡ್ಡೆ ನಿಂತಲ್ಲಿ ನಿಲ್ಲುವುದಿಲ್ಲ

ಉತ್ತರ ಧ್ರುವವೆಂದರೆ ಗಟ್ಟಿ ಹಿಮದ ಬಯಲು, ವಿಜ್ಞಾನಿಗಳು ಅಲ್ಲಿ ಬಾವುಟ ನೆಟ್ಟು, ಡೇರೆ ಹೊಡೆದು ಕೂತಿರುತ್ತಾರೆ ಎಂದೇ ಅನೇಕರು ತಿಳಿದಿದ್ದಾರೆ. ಅಲ್ಲಿ ನೆಲವೇ ಇಲ್ಲ. ಧ್ರುವಬಿಂದುವಿನ ಕೆಳಗೆ ನಾಲ್ಕು ಕಿಲೋಮೀಟರಿಗೂ ಹೆಚ್ಚು ಆಳದ ಸಮುದ್ರವಿದೆ. ರಷ್ಯನ್ನರು 2007ರಲ್ಲಿ ಬಾವುಟ ನೆಡಲು ಪುಟ್ಟ ಜಲಾಂತರ್ಗಾಮಿಗಳಲ್ಲಿ ತಳದವರೆಗೆ ಇಳಿಯಬೇಕಾಯಿತು! ಮೇಲಿರುವುದು ಹಾಲಿನ ಕೆನೆಯಂಥ ಪದರ, ದಪ್ಪ ಹೆಚ್ಚಿನ ಕಡೆ ಒಂದರಿಂದ ಮೂರು ಮೀಟರ್. ಗಾಳಿ ತಳ್ಳಿದ ಕಡೆ, ಪ್ರವಾಹ ಎಳೆದ ಕಡೆ ಅದು ಸಾಗುತ್ತಲೇ ಇರುತ್ತದೆ.

ಈ ಚಲನೆಯನ್ನೇ ನಂಬಿ ನಾರ್ವೆಯ ನಾನ್ಸೆನ್ 1893ರಲ್ಲಿ ‘ಫ್ರಾಮ್’ ಹಡಗನ್ನು ಬೇಕೆಂದೇ ಮಂಜುಗಡ್ಡೆಗೆ ಸಿಕ್ಕಿಸಿದ. ಹಡಗು ಬಿಡಿಸಿಕೊಂಡದ್ದು 1896ರಲ್ಲಿ. ಜರ್ಮನಿಯ ‘ಪೋಲಾರ್‌ಸ್ಟರ್ನ್’ ಹಡಗು 2019ರ ಅಕ್ಟೋಬರಿನಲ್ಲಿ ಮಾಡಿದ್ದೂ ಇದನ್ನೇ. ‘ಮೊಸೈಕ್’ ಎಂಬ ಆ ಯಾತ್ರೆಯಲ್ಲಿ ಹಡಗನ್ನು ಒಂದು ದೊಡ್ಡ ಮಂಜುಹಾಸಿಗೆ ಕಟ್ಟಿಹಾಕಿ, ಸುತ್ತ ಉಪಕರಣಗಳನ್ನು ಹೂಡಿದರು. ಹಾಸು ಬಿರುಕು ಬಿಟ್ಟಾಗಲೆಲ್ಲ ಅವನ್ನು ಎತ್ತಿಕೊಂಡು ಓಡಬೇಕಿತ್ತು. 2020ರ ಜುಲೈ ಕೊನೆಗೆ ಅದು ಚೂರುಚೂರಾಯಿತು.

‘ಉಪಗ್ರಹಗಳು ಎಲ್ಲವನ್ನೂ ನೋಡುತ್ತಿರುವಾಗ ಮನುಷ್ಯರು ಅಲ್ಲಿಗೇಕೆ ಹೋಗಬೇಕು?’ ಈ ಪ್ರಶ್ನೆ ಓದಿದವರಿಂದಲೇ ಹೆಚ್ಚು ಬರುತ್ತದೆ. ಮಂಜು ಎಷ್ಟು ಹರಡಿದೆ ಎಂಬುದನ್ನು ಉಪಗ್ರಹಗಳು 1970ರ ದಶಕದ ಕೊನೆಯಿಂದ ಬಿಡದೆ ಅಳೆಯುತ್ತಿವೆ, ನಿಜ. ದಪ್ಪದ ಲೆಕ್ಕ ಮಾತ್ರ ಅಷ್ಟು ಸುಲಭವಲ್ಲ. ನೀರಿನ ಮೇಲೆ ಕಾಣುವುದು ಗಡ್ಡೆಯ ಹತ್ತನೇ ಒಂದು ಪಾಲು. ಆ ಎತ್ತರವನ್ನು ಅಳೆಯುವಲ್ಲಿ ಒಂದು ಸೆಂಟಿಮೀಟರ್ ತಪ್ಪಿದರೆ, ಒಟ್ಟು ದಪ್ಪದಲ್ಲಿ ಸುಮಾರು ಹತ್ತು ಸೆಂಟಿಮೀಟರ್ ತಪ್ಪುತ್ತದೆ. ಮೇಲೆ ಬಿದ್ದ ಹಿಮ ತನ್ನ ಭಾರದಿಂದ ಗಡ್ಡೆಯನ್ನು ಕೆಳಗೊತ್ತುವುದು ಬೇರೆ. ಉಪಗ್ರಹ ಕಳಿಸಿದ ರಾಡಾರ್ ಅಲೆ ಆ ಹಿಮವನ್ನು ದಾಟಿ ಗಡ್ಡೆಯನ್ನೇ ಮುಟ್ಟಿ ಮರಳಿತೋ, ನಡುವೆಯೇ ತಿರುಗಿತೋ? ಇದನ್ನು ಅಲ್ಲಿಯೇ ನಿಂತು ಪರೀಕ್ಷಿಸಬೇಕು. ಮೊಸೈಕ್ ತಂಡದಲ್ಲಿ ಆ ರಾಡಾರ್ ಕೆಲಸ ಮಾಡಿದವರಲ್ಲಿ ಕೇರಳದ ವಿಷ್ಣು ನಂದನ್ ಒಬ್ಬರು. ಬೇಸಿಗೆಯಲ್ಲಿ ಇನ್ನೊಂದು ಫಜೀತಿ: ಗಡ್ಡೆಯ ಮೇಲೆ ಕರಗಿ ನಿಂತ ನೀರು ಉಪಗ್ರಹದ ಕಣ್ಣಿಗೆ ತೆರೆದ ಸಮುದ್ರದಂತೆಯೇ ಕಾಣುತ್ತದೆ.

ಹಾಗಾಗಿ ಬೈರಿಗೆ ಬೇಕೇ ಬೇಕು. ಒಳಗೆ ಟೊಳ್ಳಾದ ಕೊಳವೆಯನ್ನು ತಿರುಗಿಸುತ್ತ ಇಳಿಸಿ, ತೋಳುಗಾತ್ರದ ಮಂಜಿನ ಕಂಬವನ್ನು ಮೇಲಕ್ಕೆತ್ತುತ್ತಾರೆ. ಎತ್ತಿದ ಕೂಡಲೇ ಅಲ್ಲಲ್ಲಿ ಸಣ್ಣ ತೂತು ಕೊರೆದು ಉಷ್ಣತೆ ನೋಡುತ್ತಾರೆ. ತಡವಾದರೆ ಹೊರಗಿನ ಚಳಿಗೆ ಅಂಕಿ ಕೆಡುತ್ತದೆ. ಆಮೇಲೆ ಗರಗಸದಿಂದ ತುಂಡರಿಸಿ, ಒಂದೊಂದನ್ನೂ ಡಬ್ಬಿಗೆ ಹಾಕಿ ಮುಚ್ಚುತ್ತಾರೆ, ಏಕೆಂದರೆ ಒಳಗಿನ ಉಪ್ಪುನೀರು ತೊಟ್ಟಿಕ್ಕಿ ಹೋಗುತ್ತಿರುತ್ತದೆ. ಚಳಿಗಾಲದಲ್ಲಿ ಇದೆಲ್ಲ ನಡೆಯುವುದು ತಿಂಗಳುಗಟ್ಟಲೆ ಮುಗಿಯದ ಕತ್ತಲೆಯಲ್ಲಿ, ಹಣೆಗೆ ಕಟ್ಟಿದ ದೀಪದ ಬೆಳಕಿನಲ್ಲಿ. ಒಬ್ಬರು ಬಂದೂಕು ಹಿಡಿದು ಹಿಮಕರಡಿಗಾಗಿ ಕಾವಲು ನಿಂತಿರುತ್ತಾರೆ.

ಸಮುದ್ರದ ಮಂಜು ಸಮುದ್ರದಷ್ಟೇ ಉಪ್ಪು ಎಂಬುದೂ ತಪ್ಪು. ಸಮುದ್ರದ ನೀರು ಸುಮಾರು ಮೈನಸ್ 1.8 ಡಿಗ್ರಿಯಲ್ಲಿ ಹೆಪ್ಪುಗಟ್ಟುವಾಗ ಉಪ್ಪನ್ನು ಹೊರದೂಡುತ್ತದೆ. ಬೇಸಿಗೆಗಳನ್ನು ಕಳೆದ ಹಳೆಯ ಗಡ್ಡೆಯನ್ನು ಕರಗಿಸಿ ಕುಡಿಯಲೂಬಹುದು.

ಇನ್ನು, ಸಮುದ್ರದ ಮಂಜು ಕರಗಿದರೆ ಊರುಗಳು ಮುಳುಗುತ್ತವೆ ಎಂಬ ಮಾತು. ಈಗಾಗಲೇ ತೇಲುತ್ತಿರುವ ಗಡ್ಡೆ ಕರಗಿದರೆ ನೀರಿನ ಮಟ್ಟ ಏರುವುದು ಇಲ್ಲವೆನ್ನುವಷ್ಟು ಕಡಿಮೆ. ಏರಿಸುವುದು ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾಗಳ ನೆಲದ ಮೇಲಿನ ಹಿಮ. ಹಾಗೆಂದು ನಿಶ್ಚಿಂತೆಯಿಂದ ಇರುವಂತಿಲ್ಲ: ಹಿಮ ಹೊದ್ದ ಗಡ್ಡೆ ಬಿಸಿಲಿನ ಬಹುಪಾಲನ್ನು ಹಿಂದಕ್ಕೆ ಕಳಿಸಿದರೆ, ತೆರೆದ ಕಡಲು ಬಹುಪಾಲನ್ನು ಹೀರಿಕೊಂಡು ಇನ್ನಷ್ಟು ಕಾಯುತ್ತದೆ.

2012ರ ಸೆಪ್ಟೆಂಬರಿನಲ್ಲಿ ಆರ್ಕ್ಟಿಕ್ ಮಂಜಿನ ವಿಸ್ತಾರ ಸುಮಾರು 34 ಲಕ್ಷ ಚದರ ಕಿಲೋಮೀಟರಿಗೆ ಇಳಿದಿತ್ತು. ಇಂಥ ಅಂಕಿ ಪತ್ರಿಕೆಯಲ್ಲಿ ಕಂಡಾಗ, ದಪ್ಪ ಎಷ್ಟಿತ್ತು ಎಂಬುದನ್ನೂ ಹುಡುಕಿ ಓದಿ. ವಿಸ್ತಾರ ಅಷ್ಟೇ ಇದ್ದರೂ ಮಂಜು ತೆಳುವಾಗಿರಬಹುದು.