ಬೆನ್ನು ಕಪ್ಪು, ಬಾಯಿ ಬೆಳ್ಳಗೆ

ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು ತಿಕ್ಕಿದರೆ ಫಳಫಳ ಹೊಳೆಯುತ್ತದೆ. ಅದೇ ಹುಣಸೆಹಣ್ಣನ್ನು ಕಬ್ಬಿಣದ ಈಳಿಗೆಗೆ ಬಳಿದು ಅರ್ಧ ಗಂಟೆ ಬಿಟ್ಟರೆ ಕಪ್ಪಡರುತ್ತದೆ. ನಮ್ಮ ಅಡುಗೆಮನೆಗಳಲ್ಲಿ ಇದನ್ನು ಯಾರೂ ವಿದ್ಯೆ ಎಂದು ಎಣಿಸಲಿಲ್ಲ. ಬಾಳೆಕಾಯಿ ಹೆಚ್ಚಿ ಮಜ್ಜಿಗೆ ನೀರಿಗೆ ಹಾಕುತ್ತಾ ‘ಕರೆ ಕಟ್ಟಿತು’ ಎಂದು ಗೊಣಗಿದರು, ಅಷ್ಟೆ. ಆ ಕರೆಯನ್ನೇ ಬೇಕೆಂದು ಬರಿಸಿ, ಅಲಗಿನ ಮೈತುಂಬ ಒಂದೇ ಸಮ ಕೂರಿಸುವ ಕೈಕೆಲಸವೊಂದಿದೆ. ಅದಕ್ಕೆ ಕುಲುಮೆ ಬೇಡ, ಹಿತ್ತಲು ಸಾಕು.

ಮೊಳಕಾಲ್ಮುರು ತಾಲ್ಲೂಕಿನ ಕೊಂಡ್ಲಹಳ್ಳಿ ಕಡೆಯ ಶೇಂಗಾ ಸೀಮೆಯಲ್ಲಿ ಕುಡುಗೋಲು, ಮಚ್ಚು, ಈಳಿಗೆ ಇಲ್ಲದ ಮನೆ ಎಲ್ಲಿದೆ? ಬಾಯಿ ಮೊಂಡಾದರೆ ಕಮ್ಮಾರರ ಹತ್ತಿರ ಹಣಿಸಿಕೊಂಡು ಬರುವುದು, ಕಪ್ಪಾದರೆ ಬೂದಿ ಹಾಕಿ ತಿಕ್ಕುವುದು. ಇದೇ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಅಗೆಸಿದಾಗ ಬೃಹತ್ ಶಿಲಾ ಸಮಾಧಿಗಳಲ್ಲಿ ಕಬ್ಬಿಣದ ಹತಾರಗಳು ಸಿಕ್ಕವು. ಜೊತೆಗಿದ್ದ ಮಡಕೆಗಳು ಹೊರಗೆ ಕೆಂಪು, ಒಳಗೆ ಮತ್ತು ಕಂಠದಲ್ಲಿ ಕಪ್ಪು. ಗಾಳಿ ತಾಗಿದಲ್ಲಿ ಕೆಂಪು, ತಾಗದಲ್ಲಿ ಕಪ್ಪು. ಮಣ್ಣಿನಲ್ಲಿರುವ ಕಬ್ಬಿಣವೂ ಗಾಳಿಯ ಲೆಕ್ಕಕ್ಕೆ ತಕ್ಕಂತೆ ಬಣ್ಣ ಬದಲಿಸುತ್ತದೆ ಎಂಬುದು ಆ ಕುಂಬಾರರ ಕೈಗೆ ಗೊತ್ತಿತ್ತು.

ಈ ಸೀಮೆಯ ಬದುಗಳಲ್ಲಿ ಹಳದಿ ಹೂ ಹೊತ್ತು ನಿಲ್ಲುವ ತಂಗಡಿ ಗಿಡವನ್ನು ಕುರಿಯೂ ಅಷ್ಟಾಗಿ ಮೂಸುವುದಿಲ್ಲ. ಆದರೆ ಕಬ್ಬಿಣಕ್ಕೂ ಅದಕ್ಕೂ ಹಳೆಯ ನಂಟು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಧುಗಿರಿ–ಚನ್ನರಾಯನದುರ್ಗದ ಕಡೆ ಹಳ್ಳದ ಕರಿ ಮರಳಿನಿಂದ ಕಬ್ಬಿಣ ತೆಗೆಯುವುದನ್ನು, ಅದನ್ನು ಉಕ್ಕು ಮಾಡುವುದನ್ನು ಬರೆದಿಟ್ಟಿದ್ದಾನೆ. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡಿನ ಜೊತೆ ತಂಗಡಿ ಕಡ್ಡಿ, ಮೇಲೆ ಹಸಿ ಎಲೆ ಇಟ್ಟು ಬಾಯಿ ಮುಚ್ಚಿ ಕಾಯಿಸುತ್ತಿದ್ದರು. ಕಡ್ಡಿ ಸುಟ್ಟು ಇಂಗಾಲವಾಗಿ ಕಬ್ಬಿಣದೊಳಕ್ಕೆ ಇಳಿದು ಉಕ್ಕಾಗುತ್ತಿತ್ತು. ಅದೇ ಗಿಡದ ತೊಗಟೆಯಲ್ಲಿ ಚರ್ಮ ಹದಮಾಡುವ ಒಗರು, ಅಂದರೆ ಟ್ಯಾನಿನ್ ತುಂಬಿದೆ. ಆ ಒಗರು ಕಬ್ಬಿಣಕ್ಕೆ ತಾಗಿದರೆ ನೀಲಿಗಪ್ಪು. ಒಗರಿನ ಅಳಲೆಕಾಯಿಗೆ ಕಬ್ಬಿಣದ ಉಪ್ಪಾದ ಅನ್ನಭೇದಿ ಸೇರಿಸಿ ಮಾಡುತ್ತಿದ್ದ ಹಳೆಯ ಕಾಲದ ಶಾಯಿಯೂ ಇದೇ. ಅಲಗು ಕಪ್ಪಾಗಿಸುವುದೆಂದರೆ ಅಲಗಿನ ಮೇಲೆಯೇ ಶಾಯಿ ತಯಾರಿಸಿದಂತೆ.

ಕೆಲಸದಲ್ಲಿ ಮುಕ್ಕಾಲು ಪಾಲು ತೊಳೆಯುವುದೇ. ಜಿಡ್ಡಿನ ಒಂದು ಬೆರಳಚ್ಚು ಉಳಿದರೂ ಅಲ್ಲಿ ಬಿಳಿ ತೇಪೆ. ಎಮರಿ ಪೇಪರಿನಿಂದ ಒಂದೇ ದಿಕ್ಕಿಗೆ ಉಜ್ಜಿ, ಸೀಗೆಪುಡಿ ಹಾಕಿ ತೊಳೆದು, ಬಟ್ಟೆಯಲ್ಲಿ ಹಿಡಿದು ಒಣಗಿಸಬೇಕು. ಆಮೇಲೆ ಹುಣಸೆ ರಸ ಬಳಿದು ಹತ್ತು ಹದಿನೈದು ನಿಮಿಷ ಬಿಟ್ಟರೆ ಮೈ ಬೂದಿ ಬಣ್ಣಕ್ಕೆ ತಿರುಗಿ ಮಂಕಾಗುತ್ತದೆ. ಇನ್ನು ಅಳಲೆಕಾಯಿ ಕಷಾಯ ಅಥವಾ ಹಾಲಿಲ್ಲದ ಗಟ್ಟಿ ಚಹಾ ಡಿಕಾಕ್ಷನ್ ಬೆಚ್ಚಗೆ ಬಳಿಯುವುದು, ಒರೆಸುವುದು, ಮತ್ತೆ ಬಳಿಯುವುದು. ಮೊದಲ ಸಲ ಬರುವುದು ಕೊಳೆ ನೀಲಿ. ಮೂರು ನಾಲ್ಕು ಸಲವಾದ ಮೇಲೆ ಕಪ್ಪು. ಕೊನೆಗೆ ಅಡುಗೆ ಸೋಡಾ ಕಲಸಿದ ನೀರಲ್ಲಿ ಅದ್ದಿ ಹುಳಿಯನ್ನು ಸಾಯಿಸಬೇಕು. ಅದನ್ನು ಮರೆತರೆ ಮಾರನೆಯ ದಿನವೇ ಕೆಂಪು ತುಕ್ಕು.

‘ಹೆಚ್ಚು ಹೊತ್ತಿಟ್ಟರೆ ಹೆಚ್ಚು ಕಪ್ಪು’ ಎಂದು ನಂಬಿ ನಾನೊಮ್ಮೆ ಒಳ್ಳೆಯ ಚೂರಿಯೊಂದನ್ನು ರಾತ್ರಿಯಿಡೀ ಹುಣಸೆ ನೀರಲ್ಲಿ ಬಿಟ್ಟೆ. ಬೆಳಿಗ್ಗೆ ಸಿಡುಬು ಎದ್ದು ಹೋದ ಮುಖದಂತೆ ಅಲಗಿನ ತುಂಬ ಗುಳಿ.

ಇನ್ನೊಂದು ದಾರಿ ಕೇಳಿದರೆ ನಂಬಲಾಗದು, ಮಾಡಿ ನೋಡಿದರೆ ಬಿಡಲಾಗದು. ತೆಳ್ಳಗೆ ಕೆಂಪು ತುಕ್ಕು ಹಿಡಿಸಿದ ಅಲಗನ್ನು ಬರೀ ನೀರಲ್ಲಿ ಕುದಿಸುವುದು. ಕಣ್ಣೆದುರೇ ಕೆಂಪು ಕಪ್ಪಾಗುತ್ತದೆ. ಕಪ್ಪು ಕೂಡ ತುಕ್ಕಿನ ದಾಯಾದಿಯೇ, ಕಬ್ಬಿಣದ ಇನ್ನೊಂದು ಆಕ್ಸೈಡ್. ಕೆಂಪು ತುಕ್ಕು ಪುಡಿಯಾಗಿ ಉದುರುತ್ತದೆ, ಕಪ್ಪು ಮೈಗೆ ಅಂಟಿ ಎಣ್ಣೆ ಹಿಡಿದುಕೊಳ್ಳುತ್ತದೆ. ಬಂದೂಕಿನ ನಳಿಕೆಗೆ ಕಪ್ಪು ಕೊಡುತ್ತಿದ್ದವರ ಹಳೆಯ ವಿಧಾನವೂ ಇದೇ. ಮೇಲಿನ ಪುಡಿಯನ್ನು ಒರೆಸಿ, ಮತ್ತೆ ತುಕ್ಕು, ಮತ್ತೆ ಕುದಿ.

ಕಾಯಿಸಿ ಎಣ್ಣೆಯಲ್ಲಿ ಅದ್ದುವುದನ್ನು ಮಾತ್ರ ಕಮ್ಮಾರರಿಗೇ ಬಿಡಿ. ಹದವಾದ ಉಕ್ಕನ್ನು ಕಾಯಿಸುತ್ತಾ ಹೋದರೆ ಸುಮಾರು 220 ಡಿಗ್ರಿಗೆ ಒಣಹುಲ್ಲಿನ ಬಣ್ಣ, 280ರ ಹತ್ತಿರ ನೇರಳೆ, 300ಕ್ಕೆ ನೀಲಿ ಬರುತ್ತದೆ. ಕಮ್ಮಾರ ಈ ಬಣ್ಣ ನೋಡಿಯೇ ಹದ ಹಿಡಿಯುವುದು. ಮನೆಯ ಗ್ಯಾಸ್ ಒಲೆಯ ಮೇಲೆ ನೀಲಿ ದಾಟಿಸಿದಿರೋ, ಅಲಗು ಚೆಂದ ಕಾಣುತ್ತದೆ, ಟೊಮೆಟೊ ಕೊಯ್ಯುವುದಿಲ್ಲ. ಅಂಗಡಿಯ ಹೊಳೆಯುವ ಸ್ಟೀಲ್ ಚಾಕುವಿಗೂ ಹುಣಸೆ, ಚಹಾ ಹಚ್ಚಿ ದಣಿಯಬೇಡಿ. ಅದರಲ್ಲಿರುವ ಶೇ 10.5ಕ್ಕೂ ಹೆಚ್ಚು ಕ್ರೋಮಿಯಂ ಕರೆ ಹತ್ತಲು ಬಿಡುವುದಿಲ್ಲ. ಹಳೆಯ ಈಳಿಗೆ, ಲಾರಿಯ ಕಮಾನು ಪಟ್ಟಿಯಿಂದ ಬಡಿದ ಮಚ್ಚು ಇಂಥವೇ ಆಗಬೇಕು.

ಕಪ್ಪು ಕೂತ ಮೇಲೆ ಎಣ್ಣೆ. ತರಕಾರಿ ಹೆಚ್ಚುವ ಅಲಗಿಗೆ ಊರಿನ ಗಾಣದ ಶೇಂಗಾ ಎಣ್ಣೆಯೇ ಸಾಕು, ಆದರೆ ತೆಳ್ಳಗೆ. ದಪ್ಪ ಸವರಿದರೆ ಅಂಟಾಗಿ ಧೂಳು ಕೂರುತ್ತದೆ. ಆಮೇಲೆ ಸಾಣೆಕಲ್ಲಿನ ಮೇಲೆ ಬಾಯಿಯನ್ನಷ್ಟೇ ಎಳೆದರೆ ಕಪ್ಪು ಮೈಯ ಅಂಚಿನಲ್ಲಿ ಬೆಳ್ಳಿ ಗೆರೆ ಮೂಡುತ್ತದೆ. ಸಾಣೆ ಎಲ್ಲಿ ಮುಟ್ಟಿದೆ, ಎಲ್ಲಿ ತಪ್ಪಿದೆ ಎಂದು ಆ ಗೆರೆಯೇ ಹೇಳುತ್ತದೆ.

ಮೊದಲ ವಾರ ಆ ಈಳಿಗೆಯಲ್ಲಿ ನಿಂಬೆಹಣ್ಣು ಹೆಚ್ಚಬೇಡಿ ಎಂದು ಮನೆಯವರಿಗೆ ಹೇಳಿಡಬೇಕು. ಯಾರೂ ಕೇಳುವುದಿಲ್ಲ. ರಸ ಹರಿದ ಜಾಗ ಬೆಳ್ಳಗಾಗಿರುತ್ತದೆ. ಒಂದು ಲೋಟ ಗಟ್ಟಿ ಡಿಕಾಕ್ಷನ್ ಪಕ್ಕದಲ್ಲೇ ಇರಲಿ.