ಮಣೆ ಎಡವದ ಯಂತ್ರ ಬೇಕಂತೆ!

ರಾತ್ರಿ ಕರೆಂಟು ಹೋದರೂ ನೀವು ಕತ್ತಲಲ್ಲೇ ಅಡಿಗೆಮನೆಗೆ ಹೋಗಿ ಬೆಂಕಿಪೆಟ್ಟಿಗೆ ತರುತ್ತೀರಿ. ಮಲಗಿದ ಮಗುವನ್ನು ತುಳಿಯುವುದಿಲ್ಲ, ಮಣೆಯನ್ನು ಎಡವುವುದಿಲ್ಲ. ಇದೇನು ಮಹಾವಿದ್ಯೆ ಅಂತೀರಾ? ಮನೆಯಲ್ಲೇ ರೋಬೋ ಕಟ್ಟುವ ಹವ್ಯಾಸಿಗಳು ತಮ್ಮ ಯಂತ್ರಕ್ಕೆ ಬೇಕೆನ್ನುವ ಬುದ್ಧಿ ಇದೇ ನೋಡಿ!

1997ರಲ್ಲಿ ‘ಡೀಪ್ ಬ್ಲೂ’ ಎಂಬ ಕಂಪ್ಯೂಟರು ಚದುರಂಗದ ವಿಶ್ವ ಚಾಂಪಿಯನ್ ಕಾಸ್ಪರೋವ್ ಅವರನ್ನು ಸೋಲಿಸಿತು. ಆದರೆ ಅದರ ಕಾಯಿ ನಡೆಸಲು ಮನುಷ್ಯನೇ ಕೂರಬೇಕಾಯಿತು! ದೊಡ್ಡವರ ಆಟ ಯಂತ್ರಕ್ಕೆ ಸುಲಭ, ವರ್ಷದ ಕೂಸಿನಂತೆ ಕಂಡು ಓಡಾಡುವುದೇ ಕಷ್ಟ ಎಂದು ರೋಬೋ ತಜ್ಞ ಹಾನ್ಸ್ ಮೊರಾವೆಕ್ 1988ರಲ್ಲೇ ಬರೆದಿದ್ದರು.

ಬ್ಯಾಟರಿ ಇಳಿದಾಗ ಯಂತ್ರ ತಾನೇ ಹೋಗಿ ಚಾರ್ಜು ಮಾಡಿಕೊಳ್ಳಲಿ ಎಂಬುದು ಇವರ ಇನ್ನೊಂದು ಆಸೆ. (ಹಸಿದ ಮಕ್ಕಳೂ ಹಾಗೆ ತಾವೇ ಬಡಿಸಿಕೊಂಡರೆ ಎಷ್ಟು ಚೆನ್ನ!) ಆಸೆ ಹಳೆಯದೇ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮಿದುಳು ವಿಜ್ಞಾನಿ ಗ್ರೇ ವಾಲ್ಟರ್ 1948-49ರಲ್ಲಿ ಎಲ್ಮರ್, ಎಲ್ಸಿ ಎಂಬ ಯಂತ್ರದ ಆಮೆಗಳನ್ನು ಕಟ್ಟಿದರು. ಬ್ಯಾಟರಿ ಸೋತಾಗ ಗೂಡಿನ ದೀಪ ಕಂಡು ಅತ್ತ ತೆವಳುವಂತೆ ಅವುಗಳ ಏರ್ಪಾಡು. ಒಂದೊಂದಕ್ಕೂ ಇದ್ದದ್ದು ಎರಡೇ ವಾಲ್ವು. ನಮ್ಮಜ್ಜಿ ಮನೆಯ ರೇಡಿಯೋದಲ್ಲೇ ಅದಕ್ಕಿಂತ ಹೆಚ್ಚಿದ್ದವು.

ಈಗ ಅಂಗೈಯಗಲದ ಕಂಪ್ಯೂಟರಿಗೆ ಕ್ಯಾಮೆರಾ ಜೋಡಿಸಿ, ಬೆಕ್ಕು ಯಾವುದು, ಕುರ್ಚಿ ಯಾವುದು ಅಂತ ಕಲಿಸಬಹುದು. ಆದರೂ ನೆಲಕ್ಕೆ ಬಿದ್ದ ಟವಲು ಕಂಡರೆ ಪಾಪ, ತಬ್ಬಿಬ್ಬಾಗುವುದುಂಟು.

ನಿಮ್ಮ ಮಗಳೋ ಮಗನೋ ಇಂಥದ್ದು ಕಟ್ಟುತ್ತಿದ್ದರೆ ಕಸ ಅಂತ ಗುಡಿಸಿಬಿಡಬೇಡಿ. ದಾರಿಗಡ್ಡ ಮಣೆ ಇಟ್ಟು ಪರೀಕ್ಷೆ ಮಾಡಿ. ಮಲಗುವ ಮುಂಚೆ ಮಾತ್ರ ಚಾರ್ಜಿಗಿಟ್ಟ ಬ್ಯಾಟರಿಯನ್ನು ತಪ್ಪದೆ ತೆಗೆಸಿ.